ದ್ಯಾವಮ್ಮನ ಗುರುತು

ನಮ್ಮೂರಿನಲ್ಲಿ ದೀಪ ಹಚ್ಚಿದ ಮೇಲೆ ಎಲ್ಲರ ದನಿಯೂ ಒಂದೇ. ಗಂಡಸರದು, ಹೆಂಗಸರದು, ಹಲ್ಲು ಬಿದ್ದ ಮುದುಕರದು, ಶಾಲೆಗೆ ಹೋಗುವ ಮಕ್ಕಳದು, ಯಾವುದಕ್ಕೂ ವ್ಯತ್ಯಾಸವಿಲ್ಲ. ಅದೇನು ಅಂಥ ಇಂಪಾದ ದನಿಯಲ್ಲ. ನೆಗಡಿಯಾದ ಮೇಷ್ಟ್ರು ಪಾಠ ಮಾಡಿದ ಹಾಗಿರುತ್ತದೆ. ಬೆಳಕು ಹರಿದರೆ ಅವರವರ ದನಿ ಅವರವರಿಗೆ ವಾಪಸ್ಸು ಸಿಗುತ್ತದೆ. ನಾನು ಇದೇ ಊರಿನ ಕೆಳಬೀದಿಯಲ್ಲಿ ಹುಟ್ಟಿ ಮೇಲ್ಬೀದಿಗೆ ಮದುವೆಯಾಗಿ ಬಂದವಳು, ನನಗೆ ಇದರಲ್ಲಿ ಸೋಜಿಗವೇನೂ ಕಾಣುವುದಿಲ್ಲ. ಬೇರೆ ಊರಿನ ನೆಂಟರು ಮೊದಲ ಸಂಜೆ ಬೆಚ್ಚಿಬಿದ್ದು ಬಸ್ ಸ್ಟ್ಯಾಂಡಿನ ಕಡೆ ಓಡುವುದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇನೆ, ಅಷ್ಟೆ.

ಕತ್ತಲಲ್ಲಿ ಬಾಗಿಲು ತಟ್ಟಿ "ನಾನು" ಎಂದರೆ ಯಾವ ನಾನು ಎಂದು ಒಳಗಿದ್ದವರಿಗೆ ತಿಳಿಯಬೇಡವೇ? ಅದಕ್ಕಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು ಇದೆ. ದೀಪ ಹಚ್ಚಿದ ಮೇಲೆ ಮೊದಲು ಗುರುತು, ಆಮೇಲೆ ಮಾತು. ನಾನು ಒಂದು ಚಿಟಿಕೆ ಹೊಡೆಯುತ್ತೇನೆ. ನಮ್ಮನೆಯವರು, ಅಂದರೆ ಚಾವಡಿಯಲ್ಲಿ ಗುಮಾಸ್ತರಾಗಿರುವ ರಂಗಸ್ವಾಮಿಯವರು, ಎರಡು ಸಲ ಮೂಗು ಎಳೆಯುತ್ತಾರೆ. ಹಗಲಲ್ಲೂ ಎಳೆಯುತ್ತಾರೆ, ಅದು ಬೇರೆ ವಿಷಯ. ನಮ್ಮ ಅತ್ತೆ ದ್ಯಾವಮ್ಮನವರು ಬಲಗೈಯ ದಪ್ಪ ಬೆಳ್ಳಿ ಕಡಗವನ್ನು ಸಿಕ್ಕಿದ್ದಕ್ಕೆ ಎರಡು ಸಲ ಕುಟ್ಟಿ, ಕೊನೆಗೆ ನಾಲಿಗೆಯಲ್ಲಿ ಲೊಚ್ ಎನ್ನುತ್ತಾರೆ. ತೀರಿಕೊಂಡ ನಮ್ಮ ಮಾವನವರದು ಶಿಳ್ಳೆ. ಕೆಳಗಿನಿಂದ ಮೇಲಕ್ಕೆ ಎಳೆದ ಒಂದು ಉದ್ದ ಶಿಳ್ಳೆ. "ಸಂಜೆ ಹೊತ್ತು ಮನೆಯೊಳಗೆ ಶಿಳ್ಳೆ ಹಾಕ್ತಾರಾ ಯಾರಾದ್ರೂ? ಬೇರೆ ಗುರುತು ಸಿಗಲಿಲ್ವಾ ನಿಮ್ಗೆ?" ಎಂದು ಅತ್ತೆ ಕೊನೆಯವರೆಗೂ ಅವರನ್ನು ಬಯ್ಯುತ್ತಲೇ ಇದ್ದರು. ಗುರುತು ಮನೆಯ ಗುಟ್ಟು, ಬೀದಿಯಲ್ಲಿ ಹರಡುವಂಥದ್ದಲ್ಲ. ಸತ್ತವರ ಗುರುತನ್ನಂತೂ ಯಾರೂ ಮಾಡುವುದಿಲ್ಲ. ಮಕ್ಕಳು ಆಟಕ್ಕೆ ಮಾಡಿದರೂ ಬೆನ್ನಿಗೆ ಗುದ್ದು ಬೀಳುತ್ತದೆ.

ಇಂಥ ಊರಿಗೆ ಕೊಳವೆ ಕಂಪನಿ ಬಂತು. ನೀರಿನ ಪೈಪು ಹೂಳುವ ಹಾಗೆ ಬೀದಿಬೀದಿ ಅಗೆದು ಹಿತ್ತಾಳೆ ಕೊಳವೆ ಹೂಳಿದರು. ಪ್ರತಿ ಮನೆಯ ಗೋಡೆಗೂ ಅದರ ಒಂದು ಬಾಯಿ, ಉಮ್ಮತ್ತಿ ಹೂವಿನ ಆಕಾರದ್ದು, ಬಾಯಿಗೊಂದು ಮುಚ್ಚಳ. ಮುಚ್ಚಳ ತೆಗೆದು ಒಬ್ಬರು ಮಾತಾಡಿದರೆ ಊರಿನ ಎಲ್ಲ ಮನೆಯಲ್ಲೂ ಕೇಳುತ್ತದೆ. ಹಾಕಿಸಿಕೊಳ್ಳುವುದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ನಡುನಡುವೆ ಬಟ್ಟೆ ಸೋಪು, ತಲೆನೋವಿನ ಮುಲಾಮು ಎಂದು ಕಂಪನಿಯವರು ಕೂಗುವುದನ್ನು ಕೇಳಿಸಿಕೊಂಡರೆ ಸಾಕು. ಜನರನ್ನು ಒಪ್ಪಿಸಲು ಅವರಿಗೆ ಊರಿನವರೇ ಒಬ್ಬರು ಬೇಕಿತ್ತು. ಬಾಯಿ ಇದ್ದವಳು ಎಂದು ನನ್ನನ್ನು ಏಜೆಂಟ್ ಮಾಡಿಕೊಂಡರು.

ಆ ದಿನಗಳ ಉಮೇದನ್ನು ಏನು ಹೇಳಲಿ. ಕೆಂಪು ಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗಿದೆ. "ದೀಪ ಹಚ್ಚಿದ ಮೇಲೆ ಮಾತಾಡಿ ಅಕ್ಕ, ಯಾರು ಹೇಳಿದ್ದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಕೊಳವೇಲಿ ಹೋದ ಮಾತು ಗಾಳಿಗೆ ಹೋದಂಗೆ" ಎನ್ನುತ್ತಿದ್ದೆ. ಕಂಪನಿಯ ಮ್ಯಾನೇಜರ್ ಸುದರ್ಶನ್ ಅವರು ನನಗೆ ಕಲಿಸಿದ್ದ ಮಾತು ಅದು. ಬಾಯಿಪಾಠ ಮಾಡಿ ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದೆ. ಬಳೆ ಅಂಗಡಿಯ ಮೆಹರುನ್ನಿಸಾ ಮಾತ್ರ "ಬಿಟ್ಟಿ ಕೊಡ್ತಾರೆ ಅಂದ್ರೆ ಏನೋ ತಗೋತಾರೆ ಕಣೇ ಚಂಪಾ" ಎಂದಿದ್ದಳು. ಅವಳ ಮನೆಗೂ ಹಾಕಿಸಿಯೇ ಬಂದೆ.

ಮೊದಲ ಸಂಜೆ ಊರೇ ಮುಚ್ಚಳ ತೆಗೆದು ಕೂತಿತ್ತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಯಾರೋ ಗುರುತಿಲ್ಲದೆ, ನೇರವಾಗಿ, "ಬಸ್ ಸ್ಟ್ಯಾಂಡ್ ಹೋಟೆಲಿನ ಸಾಂಬಾರಲ್ಲಿ ಬೇಳೆ ಇಲ್ಲ" ಎಂದರು. ಊರಿಗೆ ಊರೇ ನಕ್ಕ ಸದ್ದು ಕೊಳವೆಯಲ್ಲಿ ಹರಿದು ಬಂತು. ಮಾರನೆಯ ಬೆಳಿಗ್ಗೆ ಆ ಸಾಂಬಾರಿನಲ್ಲಿ ಸೌಟು ನಿಲ್ಲುವಷ್ಟು ಬೇಳೆ ಇತ್ತು. ಅವತ್ತಿನಿಂದ ನಮಗೆಲ್ಲ ರೆಕ್ಕೆ ಬಂದವು. ರೇಷನ್ ಅಂಗಡಿಯ ತಕ್ಕಡಿ, ಪಂಚರಾದ ಕಸದ ಗಾಡಿ, ಯಾರದೋ ಮನೆ ಮುಂದೆ ಪೇಚಾಡುವ ಪ್ರೇಮಿಗಳು, ಎಲ್ಲವೂ ಬಂದವು. ಆಮೇಲೊಂದು ಸಂಜೆ ಅದೇ ನೆಗಡಿ ದನಿ "ಪಾಲಕರ ಕಾರು ತಿರುಗಲಿ ಅಂತ ಶಾಲೆ ಗೋಡೆ ಯಾಕೆ ಕೆಡವಿದ್ರಿ?" ಎಂದು ಕೇಳಿತು. ನಾವು ಯಾರೂ ನಗಲಿಲ್ಲ. ಆದರೆ ಯಾರೂ ಮುಚ್ಚಳ ಹಾಕಲೂ ಇಲ್ಲ.

ಪಾಲಕರೆಂದರೆ ನಮ್ಮೂರನ್ನು ಆಳುವವರು. ಅವರ ಮಾತಿಗೆ ಎದುರಾಡಿದವರನ್ನು ಗುಡ್ಡದಾಚೆಯ ಶಿಬಿರಕ್ಕೆ ಕಳಿಸುತ್ತಾರೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಹಾಕಿ ಅದನ್ನು ತಮ್ಮ ಅತಿಥಿಗಳಿಗೆ ಬಂಗಲೆ ಮಾಡಿಕೊಂಡರು. ಕಿಟಕಿಯಿಂದ ಹೊಳೆ ಕಾಣುತ್ತದೆ, ಗಾಳಿ ಚೆನ್ನಾಗಿದೆ, ಅದೇ ಕಾರಣ. ಬೇಡ ಎಂದು ಅರ್ಜಿ ಹಿಡಿದು ಹೋದ ಗೋಪಿನಾಥ ಮೇಷ್ಟ್ರು ಗುಡ್ಡದಾಚೆ ಹೋದವರು ಇನ್ನೂ ಬಂದಿಲ್ಲ. ಅಂದಿನಿಂದ ನಮ್ಮೂರ ಬಸುರಿಯರು ನೋವು ಶುರುವಾದ ಮೇಲೆ ದೋಣಿಯಲ್ಲಿ ಹೊಳೆ ದಾಟಿ ಪಕ್ಕದ ಊರಿಗೆ ಹೋಗಬೇಕು. ನಮ್ಮ ಅತ್ತೆ ಆ ವಾರ್ಡಿನಲ್ಲಿ ಆಯಾ ಆಗಿದ್ದವರು. ಬೀಗ ಬಿದ್ದ ದಿನ ಮನೆಗೆ ಬಂದು ಕಾಲು ತೊಳೆದುಕೊಂಡು ಒಲೆ ಮುಂದೆ ಕೂತವರು ಒಂದು ಮಾತೂ ಆಡಿರಲಿಲ್ಲ. ಇನ್ನೊಂದು ವಿಷಯ ಹೇಳಬೇಕು: ಮದುವೆಯಾಗಿ ಬಹಳ ಕಾಲದ ಮೇಲೆ, ಊರಿನವರೆಲ್ಲ ಕೇಳುವುದನ್ನೂ ಬಿಟ್ಟ ಮೇಲೆ, ಕೊಳವೆ ಬಂದ ಈ ದಿನಗಳಲ್ಲಿ ನಾನು ಏಳು ತಿಂಗಳ ಬಸುರಿ.

ಏಜೆಂಟ್ ಎಂದು ನಮ್ಮ ಮನೆಯಲ್ಲಿ ಎರಡು ಬಾಯಿ ಹಾಕಿದ್ದರು. ಪಡಸಾಲೆಯಲ್ಲಿ ಒಂದು, ಹಿತ್ತಲ ಕಡೆ ಸಾಮಾನಿನ ಕೋಣೆಯಲ್ಲಿ ಜನರಿಗೆ ತೋರಿಸಲಿಕ್ಕೆ ಇನ್ನೊಂದು. ಒಂದು ಸಂಜೆ ಅತ್ತೆ "ಬೆಳ್ಳುಳ್ಳಿ ಸುಲಿದು ಬರ್ತೀನಿ" ಎಂದು ಹಿತ್ತಲಿಗೆ ಹೋದರು. ನಾವಿಬ್ಬರೂ ಪಡಸಾಲೆಯಲ್ಲಿ ಮುಚ್ಚಳ ತೆಗೆದು ಕೂತಿದ್ದೆವು. ಮುಲಾಮಿನ ಜಾಹೀರಾತು ಮುಗಿಯಿತು. ಕೊಳವೆಯಲ್ಲಿ ಠಣ್ ಠಣ್ ಎಂದಿತು. ಆಮೇಲೆ ಲೊಚ್.

ನಾನು ನಮ್ಮನೆಯವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಪಾಲಕರೇ, ಊಟ ಆಯ್ತಾ?" ಎಂದಿತು ಕೊಳವೆ. "ಇವತ್ತು ಕುಂಬಾರಗೇರಿ ಹುಡುಗಿ ದೋಣೀಲೇ ಹೆತ್ತಳು. ಮಗು ಉಳೀತು. ಹೋದ ತಿಂಗಳಿಂದು ಉಳೀಲಿಲ್ಲ. ನಿಮ್ಮ ನೆಂಟರಿಗೆ ಮಲಗಕ್ಕೆ ಬೇರೆ ಮಂಚ ಇಲ್ವಾ? ವಾರ್ಡಿನ ಬೀಗ ತೆಗೀರಿ." ಅಷ್ಟೇ. ನಮ್ಮನೆಯವರು ಎರಡು ಸಲ ಮೂಗು ಎಳೆದರು, ಮಾತು ಮಾತ್ರ ಹೊರಡಲಿಲ್ಲ. ಅತ್ತೆ ಸುಲಿದ ಬೆಳ್ಳುಳ್ಳಿಯ ಮೊರ ಹಿಡಿದುಕೊಂಡು ಏನೂ ಆಗದವರ ಹಾಗೆ ಒಳಗೆ ಬಂದರು.

ನನಗೆ ಹೆದರಿಕೆಗಿಂತ ಸಿಟ್ಟು ಬಂತು. "ಮಾತಾಡೋದು ಮಾತಾಡಿದ್ರಿ, ಗುರುತು ಯಾಕೆ ಮಾಡಿದ್ರಿ ಅತ್ತೆ? ಊರಲ್ಲಿ ಒಬ್ಬರಾದ್ರೂ ಕೊಳವೇಲಿ ಗುರುತು ಮಾಡ್ತಾರಾ?" ಎಂದು ಕೇಳಿದೆ. ಸಿಟ್ಟಿನಲ್ಲಿ ಚಿಟಿಕೆ ಹೊಡೆಯುವುದನ್ನೂ ಮರೆತಿದ್ದೆ.

ಅತ್ತೆ ಮೊರವನ್ನು ಕೆಳಗಿಟ್ಟು, ಕಡಗವನ್ನು ಕಂಬಕ್ಕೆ ಎರಡು ಸಲ ಕುಟ್ಟಿ, ಲೊಚ್ ಎಂದು, ಆಮೇಲೆ ಬಾಯಿಬಿಟ್ಟರು. "ದೀಪ ಹಚ್ಚಿದ ಮೇಲೆ ಗುರುತಿಲ್ದೆ ಮಾತಾಡೋದು ಕಳ್ಳರು, ಇಲ್ಲ ದೆವ್ವಗಳು. ನಾನು ಎರಡೂ ಅಲ್ಲ."

"ಗೊತ್ತಾದ್ರೆ ಗುಡ್ಡದಾಚೆ ಕಳಿಸ್ತಾರಮ್ಮ," ಎಂದರು ನಮ್ಮನೆಯವರು. ದನಿ ಎಲ್ಲರದೇ ಆದರೂ ಅದರ ನಡುಕ ಅವರದೇ ಆಗಿತ್ತು.

"ಯಾರಿಗೆ ಗೊತ್ತು ನನ್ನ ಗುರುತು? ನಿಂಗೆ ಗೊತ್ತು, ಇವಳಿಗೆ ಗೊತ್ತು. ನೀವಿಬ್ಬರೂ ಹೇಳ್ತೀರಾ?" ಎಂದು ಅತ್ತೆ ನನ್ನ ಹೊಟ್ಟೆಯ ಕಡೆ ಗದ್ದ ತೋರಿಸಿದರು. "ಇದೂ ದೋಣೀಲೇ ಹುಟ್ಟಬೇಕೇನೇ? ಹೊಳೆ ತುಂಬಿರ್ತದೆ ಆಗ." ನನ್ನ ಸಿಟ್ಟು ಅಲ್ಲಿಗೇ ಕರಗಿಹೋಯಿತು. ಈ ಮುದುಕಿ ಇಷ್ಟು ದಿನ ನನ್ನ ತಿಂಗಳುಗಳನ್ನೂ ಹೊಳೆಯ ನೀರನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಾ ಕೂತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ದಿನಾ ಸಂಜೆ ಊರು ಆ ಸದ್ದಿಗೆ ಕಾಯುತ್ತಿತ್ತು. ಠಣ್ ಠಣ್ ಲೊಚ್ ಎನ್ನುತ್ತಲೇ ಬೀದಿಯಲ್ಲಿ ಇದ್ದಬದ್ದವರೆಲ್ಲ ಯಾರ ಮನೆಯಾದರೂ ಸರಿ ಎಂದು ಒಳಗೆ ನುಗ್ಗಿ ಕೊಳವೆಯ ಮುಂದೆ ನಿಲ್ಲುತ್ತಿದ್ದರು. ಅತ್ತೆ ಬಯ್ಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಇವತ್ತು ಯಾರು ಹೊಳೆ ದಾಟಿದರು, ಹೇಗೆ ದಾಟಿದರು ಎಂದು ಹೇಳಿ, ಬೀಗ ತೆಗೀರಿ ಎಂದು ಮುಗಿಸುತ್ತಿದ್ದರು. ಬೇರೆ ಮನೆಗಳಿಂದಲೂ "ತೆಗೀರಿ, ತೆಗೀರಿ" ಎಂದು ಕೇಳಿಸತೊಡಗಿತು. ನಾನು ಹಗಲೆಲ್ಲ ಕೆಂಪು ಚೀಲ ಹಿಡಿದು ತಿರುಗುವವಳು, ಸಂಜೆಯಾದರೆ ಆ ಸದ್ದಿಗೆ ಕಿವಿ ಕೊಡುವವಳು. ಭಯವೋ ಖುಷಿಯೋ ಎಂದು ಯಾರಾದರೂ ಕೇಳಿದ್ದರೆ ಎರಡೂ ಎನ್ನುತ್ತಿದ್ದೆ.

ಪಾಲಕರು ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಡಂಗುರ ಹೊಡೆಸಿದರು: ಬರುವ ಸೋಮವಾರ ಊರಿನವರೆಲ್ಲ ಚಾವಡಿಗೆ ಬಂದು ತಮ್ಮ ತಮ್ಮ ಗುರುತು ಮಾಡಿ ತೋರಿಸಬೇಕು. ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಹೌದು, ಇದು ಇವರ ಗುರುತೇ ಎನ್ನಬೇಕು. ಸುಳ್ಳಾದರೆ ಇಬ್ಬರೂ ಗುಡ್ಡದಾಚೆ. ಕೊಳವೆಯಲ್ಲಿ ಮಾತಾಡುವವರ ಗುರುತಿನ ಜೊತೆ ತಾಳೆ ನೋಡಲು ಕೊಳವೆ ಕಂಪನಿಯು ಸಹಕರಿಸಲಿದೆ.

ಸಹಕರಿಸುವುದೆಂದರೇನು? ನಾನು ಕಂಪನಿ ಆಫೀಸಿಗೆ ಓಡಿದೆ. ಎಂದೂ ತೆರೆಯದ ಹಿಂದಿನ ಕೋಣೆಯ ಬಾಗಿಲು ಅವತ್ತು ತೆರೆದಿತ್ತು. ಒಳಗೆ ನೆಲದಿಂದ ಸೂರಿನವರೆಗೆ ಮೇಣದ ತಟ್ಟೆಗಳು, ಹೋಟೆಲಿನಲ್ಲಿ ಊಟದ ತಟ್ಟೆ ಜೋಡಿಸಿದ ಹಾಗೆ. ಸುದರ್ಶನ್ ಒಂದನ್ನು ಯಂತ್ರದ ಮೇಲಿಟ್ಟು ತಿರುಗಿಸಿದರು. "ಬಸ್ ಸ್ಟ್ಯಾಂಡ್ ಹೋಟೆಲಿನ ಸಾಂಬಾರಲ್ಲಿ ಬೇಳೆ ಇಲ್ಲ" ಎಂದಿತು ಅದು. ಮೊದಲ ಸಂಜೆಯಿಂದ ಒಂದು ಮಾತೂ ಗಾಳಿಗೆ ಹೋಗಿರಲಿಲ್ಲ.

"ಇದೆಲ್ಲ ಯಾಕೆ ಇಟ್ಕೊಂಡಿದ್ದೀರಿ ಸರ್? ಯಾರಿಗೂ ಗೊತ್ತಾಗಲ್ಲ ಅಂತ ನನ್ನ ಬಾಯಲ್ಲಿ ಹೇಳಿಸಿದ್ರಲ್ಲ," ಎಂದೆ.

"ಚಂಪಾ ಅವರೇ, ಯಾರು ಯಾವ ಸೋಪಿನ ಬಗ್ಗೆ ಮಾತಾಡ್ತಾರೆ ಅಂತ ತಿಳ್ಕೊಳ್ಳೋಕೆ ಇಟ್ಟಿದ್ದು. ಕೆಟ್ಟ ಉದ್ದೇಶ ಏನಿಲ್ಲ," ಎಂದರು ಅವರು, ಬಹಳ ಮೃದುವಾಗಿ. "ನಾವು ಮಾತನ್ನು ಮುಟ್ಟಿಸೋರು, ಅಷ್ಟೆ. ಊರಿನ ಜಗಳದಲ್ಲಿ ನಾವಿಲ್ಲ. ಆದರೆ ಇಲ್ಲಿ ವ್ಯಾಪಾರ ಮಾಡಬೇಕು ಅಂದ್ರೆ ಇಲ್ಲಿನ ಕಾನೂನು ಕೇಳಬೇಕಲ್ವಾ? ಕೇಳಲಿಲ್ಲ ಅಂದ್ರೆ ಕೊಳವೆ ಕಿತ್ತು ಹಾಕ್ತಾರೆ. ಆಗ ನಿಮ್ಮ ಜನರಿಗೇ ನಷ್ಟ." ನನಗೆ ಉಗಿಯಬೇಕೆನಿಸಿತು. ಕೆಂಪು ಚೀಲವನ್ನು ಅವರ ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದೆ.

ಮನೆಯಲ್ಲಿ ಊಟ ಸೇರದ ದಿನಗಳು ಅವು. ಸೋಮವಾರ ಚಾವಡಿಯಲ್ಲಿ ಗುರುತು ಕೇಳಲು ಕೂರುವವರು ಬೇರೆ ಯಾರೂ ಅಲ್ಲ, ನಮ್ಮನೆಯವರೇ. ತಾಯಿಯ ಗುರುತಿಗೆ ಹೌದು ಎನ್ನಬೇಕಾದವರೂ ಅವರೇ. "ಅಮ್ಮ, ಯಾವುದಾದ್ರೂ ಒಂದು ಬೇರೆ ಗುರುತು ಕೊಡು. ಕೆಮ್ಮು, ಕಾಲು ಕುಟ್ಟು, ಏನಾದ್ರೂ ಮಾಡು, ನಾನು ಹೌದು ಅಂತೀನಿ," ಎಂದು ಕಾಲು ಹಿಡಿಯುವುದೊಂದು ಬಾಕಿ.

"ಇಲ್ಲದ ಗುರುತನ್ನ ಹುಟ್ಟಿಸಲ್ಲ ನಾನು," ಎಂದರು ಅತ್ತೆ. "ಈ ಮನೇಲಿ ಇರೋದನ್ನೇ ಕೊಡ್ತೀನಿ." ಹಾಗೆಂದರೆ ಇನ್ನೇನು ಅರ್ಥ? ತಾನೇ ಹೋಗಿ ಒಪ್ಪಿಸಿಕೊಳ್ಳುತ್ತಾರೆ ಎಂದು ನಾವಿಬ್ಬರೂ ತಿಳಿದೆವು. ಎಷ್ಟು ಬೇಡಿದರೂ ಅತ್ತೆ ಅಲ್ಲಾಡಲಿಲ್ಲ. ಅದರ ಮೇಲೆ ಬಚ್ಚಲುಮನೆಯಲ್ಲಿ ಹೊತ್ತುಗಟ್ಟಲೆ ಕೂರತೊಡಗಿದರು. ಒಳಗಿನಿಂದ ಉಸ್, ಉಸ್ ಎಂದು ಕೇಳಿಸುತ್ತಿತ್ತು. ಹೊಟ್ಟೆನೋವೋ, ಸಂಕಟವೋ ಎಂದು ಬಾಗಿಲು ತಟ್ಟಿದರೆ "ನೀರು ಕಾಯ್ತಿದೆಯಾ ನೋಡು ಹೋಗು" ಎಂದು ಗದರಿಸಿ ಕಳಿಸುತ್ತಿದ್ದರು.

ಸೋಮವಾರ ಚಾವಡಿಯ ಮುಂದೆ ಮೈಲುದ್ದದ ಸಾಲು. ನನ್ನ ಮುಂದೆ ಅತ್ತೆ, ಅವರ ಮುಂದೆ ಮೆಹರುನ್ನಿಸಾ. ದಾರಿಯಲ್ಲೇ ನಾನು ಗಮನಿಸಿದ್ದೆ, ಅತ್ತೆಯ ಕೈಯಲ್ಲಿ ಕಡಗವಿರಲಿಲ್ಲ. ಎಷ್ಟೋ ವರ್ಷ ಅದು ಕೂತಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಚಾವಡಿಯ ಜಗಲಿಯ ಮೇಲೆ ಪಾಲಕರ ಕಡೆಯ ಅಮಲ್ದಾರರು, ಪಕ್ಕದಲ್ಲಿ ಯಂತ್ರದ ಜೊತೆ ಸುದರ್ಶನ್, ಇನ್ನೊಂದು ಪಕ್ಕ ಬೆವರು ಒರೆಸಿಕೊಳ್ಳುತ್ತಾ ನಮ್ಮನೆಯವರು. ಮೊದಲು ತಟ್ಟೆ ಹಾಕಿ ಕೇಳಿಸಿದರು. ಹಾಡಹಗಲು ಬೀದಿಯ ನಡುವೆ ಠಣ್ ಠಣ್ ಲೊಚ್ ಎಂದಿತು. ಸಾಲಿನಲ್ಲಿದ್ದ ಗಂಡಸರು ಕತ್ತು ಉದ್ದ ಮಾಡಿ ಅತ್ತ ಇತ್ತ ನೋಡಿದರು. ಹೆಂಗಸರು ಯಾರೂ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲ ಬೆರಳನ್ನೇ ನೋಡುತ್ತಿದ್ದರು. ಅದು ನನಗೆ ವಿಚಿತ್ರವೆನಿಸಿತು.

ಒಬ್ಬೊಬ್ಬರೇ ಹತ್ತಿ ಗುರುತು ಮಾಡಿ ಇಳಿದರು. ಕೆಮ್ಮಿದವರು, ಚಪ್ಪಾಳೆ ತಟ್ಟಿದವರು, ತೇಗಿದವರು. ಮನೆಯ ಗುಟ್ಟನ್ನು ಬೀದಿಯಲ್ಲಿ ಬಿಚ್ಚಿದ್ದಕ್ಕೆ ನಾಚಿ ಒಬ್ಬ ಮುದುಕಪ್ಪ ಅತ್ತೇಬಿಟ್ಟರು. ಮೆಹರುನ್ನಿಸಾ ಸೆರಗು ಒದರಿ ತನ್ನದನ್ನು ಮಾಡಿದಳು. ಆಮೇಲೆ ಅಮಲ್ದಾರರು "ದ್ಯಾವಮ್ಮ" ಎಂದು ಕೂಗಿದರು. "ಆಸ್ಪತ್ರೆ ಆಯಾ ಆಗಿದ್ದವರಲ್ವಾ ನೀವು?" ಎಂದು ಕೇಳಿ, ಮುಂದಕ್ಕೆ ಬಾಗಿ ಕೂತರು.

ಅತ್ತೆ ಮಗನ ಎದುರು ನಿಂತರು. ಸೆರಗು ಸರಿಮಾಡಿಕೊಂಡರು. ಬೊಚ್ಚು ಬಾಯಿಯ ತುಟಿಗಳನ್ನು ಒಟ್ಟು ಮಾಡಿ, ಕಣ್ಣು ಮುಚ್ಚಿ, ಒಂದು ಶಿಳ್ಳೆ ಹಾಕಿದರು. ಕೆಳಗಿನಿಂದ ಮೇಲಕ್ಕೆ ಎಳೆದ ಒಂದು ಉದ್ದ ಶಿಳ್ಳೆ. ಅರ್ಧ ಗಾಳಿಯೇ ಹೋಯಿತು, ಆದರೂ ತುದಿ ಮಾತ್ರ ಸರಿಯಾಗಿ ಮೇಲೇರಿ ನಿಂತಿತು.

ಸಾಲೆಲ್ಲ ಗೊಳ್ಳೆಂದು ನಕ್ಕಿತು. ಅಮಲ್ದಾರರೂ ನಕ್ಕರು. ನಗದವರೆಂದರೆ ನಾನು ಮತ್ತು ನಮ್ಮನೆಯವರು. ಅವರು ಕೂತಲ್ಲಿಂದ ಅರ್ಧ ಎದ್ದುಬಿಟ್ಟಿದ್ದರು, ಚಿಕ್ಕಂದಿನಲ್ಲಿ ಅಪ್ಪ ಬಾಗಿಲಿಗೆ ಬಂದಾಗ ಏಳುತ್ತಿದ್ದಂತೆ. ಸತ್ತವರ ಗುರುತು ಮಾಡಬಾರದು. ಹೌದು ಎಂದರೆ ಸುಳ್ಳು ಸಾಕ್ಷಿ, ಸಿಕ್ಕಿಬಿದ್ದರೆ ಶಿಬಿರ. ಅಲ್ಲ ಎಂದರೆ ತಾಯಿ ಹೋಗುತ್ತಾಳೆ. ಬೀದಿಯಲ್ಲಿ ಪೊಲೀಸ್ ಪೇದೆ ಎದುರಾದರೆ ಪಕ್ಕದ ಗಲ್ಲಿಗೆ ತಿರುಗುವ ಮನುಷ್ಯ ಅವರು.

"ಏನ್ರೀ ರಂಗಸ್ವಾಮಿ, ನಿಮ್ಮ ತಾಯಿ ಗುರುತು ಇದೇನಾ? ಈ ವಯಸ್ಸಲ್ಲಿ ಶಿಳ್ಳೆನಾ?" ಎಂದರು ಅಮಲ್ದಾರರು.

ನಮ್ಮನೆಯವರು ಎರಡು ಸಲ ಮೂಗು ಎಳೆದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಇದೇ ಸರ್," ಎಂದರು. "ನಾನು ಹುಟ್ಟಿದಾಗಿಂದ ಸಂಜೆ ಆದ್ರೆ ನಮ್ಮನೇಲಿ ಕೇಳೋದೇ ಈ ಶಿಳ್ಳೆ. ಇದನ್ನ ನಾನು ಎಲ್ಲಿದ್ರೂ ಗುರುತು ಹಿಡೀತೀನಿ." ದನಿ ಒಂದಿಷ್ಟೂ ನಡುಗಲಿಲ್ಲ. ಮದುವೆಯಾದ ಇಷ್ಟು ವರ್ಷದಲ್ಲಿ ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ಎಲ್ಲರೆದುರು ಹೋಗಿ ಅಪ್ಪಿಕೊಳ್ಳಬೇಕೆನಿಸಿತು, ಹೊಟ್ಟೆ ಅಡ್ಡ ಬರುತ್ತಿತ್ತು.

ಸಂಜೆಯೊಳಗೆ ಊರಿನವರೆಲ್ಲರ ಗುರುತು ಮುಗಿಯಿತು. ತಟ್ಟೆಯಲ್ಲಿದ್ದ ಗುರುತು ಬದುಕಿರುವ ಯಾರದೂ ಆಗಿರಲಿಲ್ಲ. ಅಮಲ್ದಾರರು ಸುದರ್ಶನ್ ಮೇಲೆ ಹರಿಹಾಯ್ದರು, ಸುದರ್ಶನ್ ತಟ್ಟೆಯನ್ನು ತಿರುಗಿಸಿ ತಿರುಗಿಸಿ ಒರೆಸಿದರು. ನಾವು ಮೂವರೂ ಮನೆಗೆ ಬಂದೆವು. ಬಾಗಿಲು ಹಾಕಿದ ಮೇಲೆ "ಬಚ್ಚಲಲ್ಲಿ ಇದನ್ನಾ ಕಲೀತಿದ್ದಿದ್ದು?" ಎಂದೆ. "ನಲವತ್ತು ವರ್ಷ ಬೇಡ ಅಂತ ಬಯ್ದೆ, ಕೊನೆಗೆ ನನ್ನ ಕುತ್ತಿಗೆಗೇ ಕಟ್ಟಿ ಹೋದ್ರು ನೋಡು" ಎಂದು ಅತ್ತೆ ಮೂಲೆಗೆ ತಿರುಗಿ ಕಣ್ಣು ಒರೆಸಿಕೊಂಡರು. "ಕೊಳವೇಲಿ ಇನ್ನು ಮಾತಾಡಕ್ಕೆ ನಂಗೆ ಗುರುತಿಲ್ಲ. ಮುಗೀತು ಬಿಡು."

ದೀಪ ಹಚ್ಚಿದೆವು. ಅತ್ತೆ ನನ್ನ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. ಸೋಪಿನ ಜಾಹೀರಾತು ಬಂತು, ಹೋಯಿತು. ಆಮೇಲೆ ಕೊಳವೆ ಠಣ್ ಠಣ್ ಎಂದಿತು. ಲೊಚ್ ಎಂದಿತು. "ಪಾಲಕರೇ, ಊಟ ಆಯ್ತಾ?" ಎಂದಿತು.

ಅತ್ತೆಯ ಕೈಯಿಂದ ಬತ್ತಿ ಜಾರಿತು. ನಾವು ಮೂವರೂ ಬೆಪ್ಪಾಗಿ ಕೊಳವೆಯ ಬಾಯಿ ನೋಡುತ್ತಿದ್ದೆವು. ಮುಗಿಯುವಷ್ಟರಲ್ಲಿ ಇನ್ನೊಂದು ಮನೆಯಿಂದ ಠಣ್ ಠಣ್ ಲೊಚ್, "ಬೀಗ ತೆಗೀರಿ." ಮತ್ತೊಂದು ಮನೆಯಿಂದ, ಮಗದೊಂದು ಮನೆಯಿಂದ. ಒಂದು ಪಾತ್ರೆಗೆ ಕುಟ್ಟಿದ್ದು, ಒಂದು ಕಿಟಕಿ ಕಂಬಿಗೆ ಕುಟ್ಟಿದ್ದು, ಒಂದು ಲೊಚ್ ದೊಡ್ಡದು, ಒಂದು ಸಣ್ಣದು. ಮಾರನೆಯ ದಿನ ಇದರ ಗುಟ್ಟು ಕೇಳಲೆಂದು ನಾನು ಬಳೆ ಅಂಗಡಿಗೆ ಓಡಿದೆ.

ಮೆಹರುನ್ನಿಸಾ ಗಲ್ಲಾದ ಹಿಂದೆ ಕೂತಿದ್ದಳು. ಅವಳ ಬಲಗೈಯಲ್ಲಿ ನಮ್ಮ ಅತ್ತೆಯ ಬೆಳ್ಳಿ ಕಡಗ ಇತ್ತು. "ಚಾವಡಿ ಮುಗಿಯೋವರೆಗೆ ಇಟ್ಕೋ ಅಂತ ಕೊಟ್ಟಿದ್ರು," ಎಂದಳು. "ನಿಂಗೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ದೆ ಅಲ್ವಾ? ಹುಚ್ಚಿ. ಮೂರು ಹೆತ್ತಿದ್ದೀನಿ ಆ ವಾರ್ಡಲ್ಲಿ, ಮೂರೂ ಕತ್ತಲಾದ ಮೇಲೆ. ನೋವಲ್ಲಿ ಬಿದ್ದಿರುವಾಗ ಡಾಕ್ಟರಮ್ಮಂದೂ ಅದೇ ದನಿ, ನರ್ಸಮ್ಮಂದೂ ಅದೇ ದನಿ, ಕಿರುಚೋ ನಂದೂ ಅದೇ ದನಿ. ಮಂಚದ ಕಂಬಿಗೆ ಠಣ್ ಠಣ್ ಅಂದು ಲೊಚ್ ಅಂತಿದ್ದ ಹಾಗೇನೇ, ದ್ಯಾವಮ್ಮ ಬಂದ್ರು, ಇನ್ನು ಸಾಯಲ್ಲ ಅನ್ಸೋದು. ಈ ಊರಲ್ಲಿ ಹೆತ್ತ ಹೆಂಗಸು ಯಾವಳಿಗೆ ಗೊತ್ತಿಲ್ಲ ಹೇಳು ಆ ಗುರುತು?"

ಹಾಗಾದರೆ ಅತ್ತೆ ಮಾತಾಡಿದ ಮೊದಲ ಸಂಜೆಯಿಂದಲೇ ಅರ್ಧ ಊರಿಗೆ ಗೊತ್ತಿತ್ತು. ಒಬ್ಬಳೂ ತನ್ನ ಗಂಡನಿಗೂ ಹೇಳಿರಲಿಲ್ಲ. ಅಂಗಡಿಯ ತುಂಬ ಹೆಂಗಸರು ಬೆಳ್ಳಿಯದಿಲ್ಲದಿದ್ದರೆ ಹಿತ್ತಾಳೆಯದು, ಅದೂ ಇಲ್ಲದಿದ್ದರೆ ಕಬ್ಬಿಣದ್ದಾದರೂ ಸರಿ ಎಂದು ಕಡಗ ಕೇಳುತ್ತಿದ್ದರು. ನಾನೂ ಒಂದು ಹಿತ್ತಾಳೆ ಕಡಗ ಹಾಕಿಸಿಕೊಂಡೆ.

ಆ ಸಂಜೆ ನಮ್ಮ ಹಿತ್ತಲ ಕೋಣೆಯ ಮುಚ್ಚಳ ತೆಗೆದವಳು ನಾನು. ಊರಿಗೆಲ್ಲ ಕೊಳವೆ ಹಾಕಿಸಿ ನಾನೇ ಅದರಲ್ಲಿ ಒಂದು ಮಾತೂ ಆಡಿರಲಿಲ್ಲ. ಕಡಗವನ್ನು ಕೊಳವೆಯ ಬಾಯಿಗೆ ಎರಡು ಸಲ ಕುಟ್ಟಿ, ಲೊಚ್ ಎಂದು, "ನಾಳೆ ದೀಪ ಹಚ್ಚೋ ಹೊತ್ತಿಗೆ ವಾರ್ಡಿನ ಮುಂದೆ ಬನ್ನಿ. ಬೀಗ ನಾವೇ ತೆಗೆಸೋಣ" ಎಂದೆ. ಮೈಯಲ್ಲಿ ಏನೋ ಹೊಕ್ಕಂತಾಗಿತ್ತು. ಮುಚ್ಚಳ ಹಾಕುವಷ್ಟರಲ್ಲಿ ಎಷ್ಟೋ ಮನೆಗಳಿಂದ ಅದೇ ಗುರುತಿನಲ್ಲಿ "ಬರ್ತೀವಿ" ಎಂದು ಉತ್ತರ ಬಂತು.

ಬಂದರು. ಬೀದಿ ತುಂಬಿ ಹೊಳೆಯ ಮೆಟ್ಟಿಲವರೆಗೂ ಹೆಂಗಸರು, ಎಲ್ಲರೂ ಸೆರಗನ್ನೋ ದುಪ್ಪಟ್ಟಾವನ್ನೋ ತಲೆ ಮೇಲೆ ಎಳೆದುಕೊಂಡು. ಬೀದಿ ದೀಪವನ್ನು ಯಾರೋ ಮೊದಲೇ ಆರಿಸಿದ್ದರು. ಬಂಗಲೆಯ ಅತಿಥಿಗಳು ಕಿಟಕಿ ಮುಚ್ಚಿಕೊಂಡರು. ಕಾವಲಿನ ಪೇದೆಗಳು ಲಾಠಿ ಹಿಡಿದು ಸಾಲಾಗಿ ನಿಂತರು. "ಯಾರು ನೀವು?" ಎಂದು ಕೂಗಿದ ದನಿಯೂ ಅದೇ ನೆಗಡಿ ದನಿ. ಉತ್ತರವಾಗಿ ಆಸ್ಪತ್ರೆಯ ಕಬ್ಬಿಣದ ಬೇಲಿಯುದ್ದಕ್ಕೂ ಠಣ್ ಠಣ್ ಎಂದಿತು. ಆಮೇಲೆ ಎಲ್ಲ ಬಾಯಿಂದಲೂ ಒಟ್ಟಿಗೆ ಒಂದು ಲೊಚ್. ಅಂಥ ಸದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಚದುರಿ, ಇಲ್ಲಾಂದ್ರೆ ಹೊಡೀತೀವಿ," ಎಂದ ಪೇದೆ.

"ಹೊಡಿಯಪ್ಪ," ಎಂದಿತು ಕತ್ತಲಿನಿಂದ ಒಂದು ದನಿ. "ನಿನ್ನ ಹೆಂಡ್ತಿ ಎಲ್ಲಿ ನಿಂತಿದ್ದಾಳೆ ನೋಡ್ಕೊಂಡು ಹೊಡಿ." ಅದು ಅವನ ಹೆಂಡತಿಯೇ ಇರಬಹುದು, ತಾಯಿಯೇ ಇರಬಹುದು, ನಮ್ಮ ಮೆಹರುನ್ನಿಸಾ ಇರಬಹುದು. ಅವನಿಗೆ ತಿಳಿಯುವ ದಾರಿಯಿರಲಿಲ್ಲ. ಇನ್ನೊಂದು ದನಿ "ನನ್ನ ಮಗನೂ ಅಲ್ಲೇ ಲಾಠಿ ಹಿಡ್ಕೊಂಡು ನಿಂತವ್ನೆ" ಎಂದಿತು. ಪೇದೆಗಳು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲ ಲಾಠಿ ಕೆಳಗಿಳಿಯಿತು, ಅದರ ಹಿಂದೆ ಉಳಿದವೂ ಇಳಿದವು. ಜನ ಮುಂದಕ್ಕೆ ನುಗ್ಗಿದರು.

ಆ ನೂಕಿನಲ್ಲಿ ಅತ್ತೆಯ ಕೈ ನನ್ನ ಕೈಯಿಂದ ತಪ್ಪಿಹೋಯಿತು. ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. "ಅತ್ತೆ" ಎಂದು ಕೂಗಿದರೆ ಅದು ಯಾರು ಯಾರನ್ನು ಕೂಗಿದ್ದು ಎಂದು ಯಾರಿಗೆ ಗೊತ್ತಾಗಬೇಕು? ಎಡಗಡೆ ಠಣ್ ಠಣ್ ಲೊಚ್, ಬಲಗಡೆ ಠಣ್ ಠಣ್ ಲೊಚ್, ಹಿಂದೆ, ಮುಂದೆ, ಎಲ್ಲ ಕಡೆಯೂ ನನ್ನ ಅತ್ತೆಯೇ, ನನ್ನ ಅತ್ತೆ ಮಾತ್ರ ಎಲ್ಲೂ ಇಲ್ಲ. ಗಾಬರಿಯಾಗಿ ಅಳು ಬರುವಂತಾಯಿತು.

ಆಗ ಕಿವಿಯ ಹತ್ತಿರವೇ ಒಂದು ಶಿಳ್ಳೆ ಕೇಳಿಸಿತು. ಕೆಳಗಿನಿಂದ ಮೇಲಕ್ಕೆ, ಅರ್ಧ ಗಾಳಿಯೇ ಆದ ಉದ್ದ ಶಿಳ್ಳೆ.

"ಇಲ್ಲೇ ಇದ್ದೀನಿ ಬಾ," ಎಂದು ಬೆಳ್ಳಿ ಕಡಗವಿಲ್ಲದ ಕೈ ನನ್ನ ತೋಳು ಹಿಡಿಯಿತು. "ಬೀಗ ತೆಗೆದ್ರು. ಕಿಟಕಿ ಪಕ್ಕದ ಮಂಚ ನಿಂಗೆ ಹಿಡಿದಿಡ್ತೀನಿ, ಗಾಳಿ ಚೆನ್ನಾಗಿ ಬರ್ತದೆ."